ವಿದ್ಯುತ್ ಗಿಟಾರಿನ ಹೊಟ್ಟೆಯೊಳಗೆ

ಓಣಂ ರಜೆ ಮುಗಿದು ಶಾಲೆ ತೆರೆದ ವಾರ. ಸಂಜೆ ಗಂಟೆ ಬಾರಿಸಿದ ಮೇಲೆ ಹತ್ತನೆಯ ತರಗತಿಯ ಹುಡುಗನೊಬ್ಬನು ತನ್ನ ತಂದೆಯವರೊಡನೆ ನಮ್ಮ ವಿಜ್ಞಾನ ಪ್ರಯೋಗಶಾಲೆಗೆ ಬಂದನು. ಹುಡುಗನ ಹೆಗಲಲ್ಲಿ ಕರಿಯ ಚೀಲ, ಅದರೊಳಗೆ ಹೊಸ ವಿದ್ಯುತ್ ಗಿಟಾರು. ತಂದೆಯ ಕೈಯಲ್ಲಿ ಅದರ ಚಿಕ್ಕ ಆಂಪ್ಲಿಫೈಯರ್ ಪೆಟ್ಟಿಗೆ. ಹುಡುಗನು ಎರಡು ವರ್ಷ ಸಾದಾ ಗಿಟಾರು ಕಲಿತವನು. ಆ ವರ್ಷದ ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ತಂದೆ ಇದನ್ನು ಕೊಡಿಸಿದ್ದರು.

"ಮಾಷ್ಟ್ರೇ, ಇದು ಹಾಳು ಸಾಮಾನು ಅಂತ ಕಾಣ್ತದೆ. ಬಾರಿಸಿದ್ದಕ್ಕಿಂತ ಗುಂಯ್‌ಗುಡುವುದೇ ಹೆಚ್ಚು. ಹಿಂದೆ ಕೊಟ್ಟುಬಿಡುವ ಅಂತ ನಾನು ಹೇಳಿದರೆ ಇವ ಕೇಳುವುದಿಲ್ಲ" ಎಂದರು ತಂದೆ. ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ಗಿಟಾರು ಹಿಂದೆ ಹೋದರೆ ಇನ್ನೊಂದು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಗಡಿಬಿಡಿ ಬೇಡ, ಮೊದಲು ಅದರ ಹೊಟ್ಟೆಯೊಳಗೆ ಏನುಂಟು ನೋಡುವ" ಎಂದೆ. ಆ ಸಂಜೆ ಮತ್ತು ಮರುದಿನ ಸಂಜೆ ನಾವು ಮೂವರೂ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಿಟಾರು ಇಲ್ಲದವರಿಗೂ ಇದು ಪ್ರಯೋಜನಕ್ಕೆ ಬಂದೀತು. ಏಕೆಂದರೆ ಆ ಮರದ ಹಲಗೆಯೊಳಗಿರುವುದು ನಿಮ್ಮ ಹತ್ತನೆಯ ತರಗತಿಯ ಭೌತವಿಜ್ಞಾನ ಪುಸ್ತಕದ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವೇ.

ವೀಣೆಗೆ ಕೊಡವಿದೆ, ಸಾದಾ ಗಿಟಾರಿಗೆ ಟೊಳ್ಳಾದ ಒಡಲಿದೆ. ತಂತಿಯ ಸಣ್ಣ ನಾದವನ್ನು ಆ ಟೊಳ್ಳು ದೊಡ್ಡದು ಮಾಡಿ ಹೊರಗೆ ಕಳಿಸುತ್ತದೆ. ವಿದ್ಯುತ್ ಗಿಟಾರಿನ ಒಡಲಾದರೋ ಸಾಮಾನ್ಯವಾಗಿ ಗಟ್ಟಿ ಮರದ ತುಂಡು. ಆಂಪ್ಲಿಫೈಯರಿಗೆ ಜೋಡಿಸದೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ತಂತಿಗಳ ಕೆಳಗೆ ಅಡ್ಡಡ್ಡಕ್ಕೆ ಕೂರಿಸಿದ ಪಟ್ಟಿಗಳನ್ನು ನೋಡಿ ಹಲವರು 'ಅದು ಮೈಕು' ಎನ್ನುತ್ತಾರೆ. ಅದು ಮೈಕಲ್ಲ. ಮೈಕು ಗಾಳಿಯ ಕಂಪನವನ್ನು ಹಿಡಿಯುತ್ತದೆ. ಈ ಪಟ್ಟಿ, ಅಂದರೆ ಪಿಕಪ್, ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ಪಿಕಪ್ಪಿನ ಬಳಿ ಬಾಯಿಟ್ಟು ಎಷ್ಟು ಮಾತನಾಡಿದರೂ ಸ್ಪೀಕರಿನಲ್ಲಿ ಬಹುಮಟ್ಟಿಗೆ ಏನೂ ಕೇಳಿಸದು. ಅದೇ ಗಿಟಾರಿಗೆ ನೈಲಾನ್ ತಂತಿ ಹಾಕಿ ಮೀಟಿ ನೋಡಿ, ಆಗಲೂ ಮೌನ.

ಪಿಕಪ್ಪಿನಲ್ಲಿರುವುದು ಎರಡೇ ವಸ್ತು: ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿಯ ಸುರುಳಿ. ಅಯಸ್ಕಾಂತವು ಮೇಲಿನ ಉಕ್ಕಿನ ತಂತಿಯನ್ನೂ ತುಸು ಕಾಂತವನ್ನಾಗಿ ಮಾಡುತ್ತದೆ. ತಂತಿ ಅಲುಗಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ. ಏರಿಳಿದ ಹಾಗೆಲ್ಲ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದನ್ನು ನೀವು ಓದಿದ್ದೀರಿ. ಆರನೆಯ ತಂತಿ, ಎಂದರೆ ಎಲ್ಲಕ್ಕಿಂತ ದಪ್ಪದ್ದು, ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದನೆಯ ತಂತಿ ಸುಮಾರು 330 ಸಲ. ಸುರುಳಿಯಿಂದ ಹೊರಡುವ ವಿದ್ಯುತ್ತೂ ಅಷ್ಟೇ ಸಲ ಆವರ್ತಿಸುತ್ತದೆ. ಅದರ ಬಲವಾದರೂ ಎಷ್ಟು? ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಇಷ್ಟು ದುರ್ಬಲವಾದ ಸಂಕೇತವು ಉದ್ದದ ಕೇಬಲಿನಲ್ಲಿ ಹಾದು ಆಂಪ್ಲಿಫೈಯರನ್ನು ಸೇರಬೇಕು. ಗಿಟಾರಿನ ಅರ್ಧ ತೊಂದರೆಗಳ ಮೂಲ ಇಲ್ಲಿಯೇ ಇದೆ.

ಈ ಯುಕ್ತಿ ಅಮೆರಿಕದಲ್ಲಿ ಹುಟ್ಟಿದ್ದು ಅವಶ್ಯಕತೆಯಿಂದ. ಅಲ್ಲಿನ ವಾದ್ಯಮೇಳಗಳಲ್ಲಿ ಕಹಳೆ, ಡೋಲುಗಳ ಅಬ್ಬರದ ನಡುವೆ ಗಿಟಾರು ಕೇಳಿಸುತ್ತಲೇ ಇರಲಿಲ್ಲ. ಜಾರ್ಜ್ ಬೀಚಮ್ ಎಂಬ ವಾದಕ 1931ರ ಹೊತ್ತಿಗೆ ಕಾಂತದ ಪಿಕಪ್ ಇರುವ ಗಿಟಾರನ್ನು ಸಿದ್ಧಪಡಿಸಿದ. ರಿಕನ್‌ಬ್ಯಾಕರ್ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಗುಂಡನೆಯ ಒಡಲಿಗೆ ಉದ್ದನೆಯ ಹಿಡಿ ಇದ್ದುದರಿಂದ ಜನ ಅದನ್ನು 'ಬಾಣಲೆ' ಎಂದೇ ಕರೆದರು. ಬೀಚಮ್‌ಗೆ ಪೇಟೆಂಟ್ ದೊರೆತದ್ದು 1937ರಲ್ಲಿ. ಲಿಯೋ ಫೆಂಡರ್‌ನ ಕಾರ್ಖಾನೆ 1954ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಎಂಬ ಮಾದರಿಗೆ ಮೂರು ಪಿಕಪ್, ಮೂರು ಗುಂಡಿಗಳಿದ್ದವು. ಇಂದು ಅಂಗಡಿಗಳಲ್ಲಿ ಸಿಗುವ ಅಗ್ಗದ ಗಿಟಾರುಗಳಲ್ಲಿ ಬಹಳಷ್ಟು ಅದರ ನಕಲುಗಳೇ. ನಮ್ಮ ಹುಡುಗನದ್ದೂ ಹಾಗೆಯೇ. ಹಾಗೆಂದು ಇದು ಪಾಶ್ಚಾತ್ಯ ಸಂಗೀತಕ್ಕೇ ಮೀಸಲೆಂದು ಹೆತ್ತವರು ತಿಳಿಯಬೇಕಾಗಿಲ್ಲ. ಯು. ಶ್ರೀನಿವಾಸ್ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿದ್ದು ವಿದ್ಯುತ್ ಮ್ಯಾಂಡೊಲಿನ್ ಮೇಲೆ.

ಇರಲಿ, ಗಿಟಾರಿಗೆ ಬರೋಣ. ಕೇಬಲನ್ನು ಕಳಚಿ, ತಂತಿಗಳನ್ನು ಸಡಿಲಿಸಿ, ಮುಂದಿನ ಬಿಳಿ ತಗಡಿನ ತಿರುಪುಗಳನ್ನು ಬಿಚ್ಚಿ ಒಂದು ಖಾಲಿ ಬೆಂಕಿಪೆಟ್ಟಿಗೆಗೆ ಹಾಕಿದೆವು. ಇಂತಹ ತಿರುಪು ನೆಲಕ್ಕೆ ಬಿದ್ದರೆ ಮತ್ತೆ ಸಿಕ್ಕುವುದಿಲ್ಲ. ಗಿಟಾರಿನೊಳಗೆ ಅಪಾಯದ ವೋಲ್ಟೇಜು ಯಾವುದೂ ಇಲ್ಲ. ಕೇಬಲು ತೆಗೆದ ಮೇಲೆ ಮಕ್ಕಳೂ ಬಿಚ್ಚಿ ನೋಡಬಹುದು. ಆದರೆ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮಾತ್ರ ಮಕ್ಕಳು ಬಿಚ್ಚಕೂಡದು. ಅದರೊಳಗಿನ ದೊಡ್ಡ ಕೆಪ್ಯಾಸಿಟರುಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ವಾಲ್ವಿನ ಆಂಪ್ಲಿಫೈಯರುಗಳಲ್ಲಿ ಅದು ಮುನ್ನೂರು ನಾನೂರು ವೋಲ್ಟಿನವರೆಗೂ ಇರುವುದುಂಟು.

ತಗಡನ್ನು ಎತ್ತಿದಾಗ ಕಂಡದ್ದು ಇಷ್ಟು: ಮೂರು ಸುರುಳಿ, ಒಂದು ಸ್ವಿಚ್, ಮೂರು ತಿರುಗುವ ರೋಧಕ, ಅಂಗಡಿಯವರು ಪಾಟ್ ಎನ್ನುತ್ತಾರಲ್ಲ ಅದು, ಕಡಲೆ ಗಾತ್ರದ ಒಂದು ಕೆಪ್ಯಾಸಿಟರ್, ಕೇಬಲು ಸಿಕ್ಕಿಸುವ ಜ್ಯಾಕ್, ಇವನ್ನೆಲ್ಲ ಜೋಡಿಸುವ ಏಳೆಂಟು ವಯರು.

"ಇಷ್ಟೇಯಾ? ನಮ್ಮ ಹಳೇ ರೇಡಿಯೋದಲ್ಲಿ ಇದರ ಹತ್ತು ಪಾಲು ಇತ್ತಲ್ಲ!" ಎಂದರು ತಂದೆ. ಅವರ ಮುಖ ಸ್ವಲ್ಪ ಸಡಿಲವಾದದ್ದು ಆಗಲೇ.

ಮಲ್ಟಿಮೀಟರನ್ನು ಓಮಿಗೆ ಇಟ್ಟು, ಜ್ಯಾಕಿಗೆ ಕೇಬಲು ಸಿಕ್ಕಿಸಿ, ಅದರ ಇನ್ನೊಂದು ತುದಿಯಲ್ಲಿ ಅಳೆದೆವು. ಈ ಮಾದರಿಯ ಒಂದೊಂದು ಪಿಕಪ್ಪಿನಲ್ಲಿ ಸುಮಾರು 8000 ಸುತ್ತು ತಂತಿ ಇರುತ್ತದೆ. ತಂತಿಯ ದಪ್ಪ 0.063 ಮಿಲಿಮೀಟರ್, ಕೂದಲೆಳೆಯಷ್ಟು. ಬಿಚ್ಚಿ ಎಳೆದರೆ ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದವಾದೀತು! ಇಂತಹ ತಂತಿಯ ರೋಧ ಮೀಟರಿಗೆ ಸುಮಾರು ಐದೂವರೆ ಓಮ್. ಆದುದರಿಂದ ಒಟ್ಟು ಆರು ಸಾವಿರ ಓಮಿನ ಆಸುಪಾಸು ಬರಬೇಕು. ವಾಲ್ಯೂಮ್ ಪೂರ್ತಿ ಏರಿಸಿಟ್ಟಾಗ ನಮ್ಮ ಮೂರು ಪಿಕಪ್ಪುಗಳೂ ಅದೇ ಅಂಕಿಯ ಹತ್ತಿರ ತೋರಿಸಿದವು. ಅಂದರೆ ಯಾವ ಸುರುಳಿಯೂ ತುಂಡಾಗಿಲ್ಲ. ಸೊನ್ನೆ ತೋರಿಸಿದ್ದರೆ ಎಲ್ಲೋ ವಯರು ತಾಗಿದೆಯೆಂದೂ, ಎರಡು ಲಕ್ಷಕ್ಕೂ ಮಿಕ್ಕಿ ತೋರಿಸಿದ್ದರೆ ಸುರುಳಿ ಕಡಿದು ವಾಲ್ಯೂಮ್ ಪಾಟಿನ ರೋಧ ಮಾತ್ರ ಕಾಣುತ್ತಿದೆಯೆಂದೂ ತಿಳಿಯಬೇಕು. ಇನ್ನೊಂದು ಸುಲಭದ ಪರೀಕ್ಷೆಯಿದೆ. ಆಂಪ್ಲಿಫೈಯರನ್ನು ಮೆಲ್ಲಗೆ ಇಟ್ಟು, ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ತಿರುಗಿಸುತ್ತ ಪ್ರತಿ ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಹಗುರಾಗಿ ತಟ್ಟುವುದು. 'ಟಕ್' ಎಂದು ಸ್ಪೀಕರಿನಲ್ಲಿ ಕೇಳಿಸಿದ್ದೇ ಆಗ ಕೆಲಸ ಮಾಡುತ್ತಿರುವ ಪಿಕಪ್. ಇದಕ್ಕೆ ಮೀಟರೂ ಬೇಡ.

ಈಗ ಮುಖ್ಯ ದೂರಿಗೆ, ಆ ಗುಂಯ್‌ಗುಟ್ಟುವಿಕೆಗೆ ಬರುತ್ತೇನೆ. ಯಕ್ಷಗಾನದ ಆಟಕ್ಕೆ ಹೋದವರೆಲ್ಲ ಇದನ್ನು ಕೇಳಿದ್ದೀರಿ. ಭಾಗವತರು ಪದ ಎತ್ತುವ ಮೊದಲು ಸ್ಪೀಕರಿನಿಂದ ಹೊರಡುವ ಸದ್ದು ಇದರ ತಮ್ಮನೇ. ಆದರೆ ಇದು ಒಂದೇ ಸದ್ದಲ್ಲ, ಎರಡು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಅಂಗಡಿಯವರೂ ಇವೆರಡನ್ನು ಬೆರೆಸಿ ಹೇಳುವುದುಂಟು.

ಒಂದು, ತಗ್ಗು ಶ್ರುತಿಯ 'ಗುಂ'. ನಮ್ಮ ಮನೆಗಳ ವಿದ್ಯುತ್ ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಫ್ಯಾನು, ಹಳೆಯ ಟ್ಯೂಬ್‌ಲೈಟಿನ ಚೋಕು, ಸ್ಟೆಬಿಲೈಸರು, ಆಂಪ್ಲಿಫೈಯರಿನದೇ ಟ್ರಾನ್ಸ್‌ಫಾರ್ಮರು ಇವೆಲ್ಲ ತಮ್ಮ ಸುತ್ತ ಅದೇ ಲಯದ ಕಾಂತಕ್ಷೇತ್ರವನ್ನು ಹರಡುತ್ತಿರುತ್ತವೆ. ಪಿಕಪ್ಪಿನ ಸುರುಳಿಗೆ ಇದು ತಂತಿಯಿಂದ ಬಂದದ್ದೋ ಚೋಕಿನಿಂದ ಬಂದದ್ದೋ ಎಂಬ ವ್ಯತ್ಯಾಸ ತಿಳಿಯದು. ಫ್ಯಾರಡೆಯ ನಿಯಮಕ್ಕೆ ಎಲ್ಲ ಕಾಂತವೂ ಒಂದೇ. ಆದುದರಿಂದ ಒಂಟಿ ಸುರುಳಿಯ ಪಿಕಪ್ ತುಸು ಗುಂಗುಟ್ಟುವುದು ಅದರ ಸ್ವಭಾವ, ದೋಷವಲ್ಲ. ಗಿಟಾರು ಹಿಡಿದುಕೊಂಡು ನಿಂತಲ್ಲೇ ಮೆಲ್ಲಗೆ ಸುತ್ತು ತಿರುಗಿದರೆ ಒಂದು ದಿಕ್ಕಿನಲ್ಲಿ ಸದ್ದು ತೀರ ಇಳಿಯುತ್ತದೆ. ಹುಡುಗನಿಗೆ ಹಾಗೆ ಮಾಡಿಸಿದೆ. ಅವನು ಕಿಟಕಿಯ ಕಡೆ ತಿರುಗಿದಾಗ ಗುಂ ಅರ್ಧಕ್ಕರ್ಧ ಇಳಿಯಿತು. ಆಂಪ್ಲಿಫೈಯರಿನಿಂದ ನಾಲ್ಕು ಹೆಜ್ಜೆ ದೂರ ನಿಂತಾಗ ಇನ್ನೂ ಇಳಿಯಿತು.

ಇದಕ್ಕೊಂದು ಸೊಗಸಾದ ಪರಿಹಾರವನ್ನು ಗಿಬ್ಸನ್ ಕಂಪೆನಿಯ ಸೆತ್ ಲವರ್ ಎಂಬ ತಂತ್ರಜ್ಞ 1955ರಲ್ಲಿ ಕಂಡುಹಿಡಿದ. ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು ವಿರುದ್ಧ ದಿಕ್ಕಿನಲ್ಲಿ ಜೋಡಿಸಿದ. ಹೊರಗಿನ ಗುಂ ಎರಡರಲ್ಲೂ ಸಮನಾಗಿ ಹುಟ್ಟುವುದರಿಂದ, ತಕ್ಕಡಿಯ ಎರಡು ತಟ್ಟೆಗೂ ಒಂದೇ ತೂಕ ಹಾಕಿದಂತೆ, ಒಂದನ್ನೊಂದು ಹೊಡೆದುಹಾಕುತ್ತದೆ. ಹಾಗಾದರೆ ತಂತಿಯ ನಾದವೂ ಹೊಡೆದುಹೋಗಬೇಡವೆ? ಹೋಗದು. ಒಂದು ಸುರುಳಿಯ ಅಯಸ್ಕಾಂತದ ಧ್ರುವವನ್ನೂ ಅವನು ತಿರುವಿಟ್ಟಿದ್ದ. ಸುರುಳಿ ಋಣ, ಧ್ರುವ ಋಣ. ಋಣವನ್ನು ಋಣದಿಂದ ಗುಣಿಸಿದರೆ ಧನವೆಂದು ನಿಮ್ಮ ಗಣಿತದ ಅಧ್ಯಾಪಕರು ಹೇಳಿಕೊಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೀಗೆ ಗುಂ ಕಳೆಯುತ್ತದೆ, ನಾದ ಕೂಡುತ್ತದೆ. ಈ ಬಗೆಯ ಜೋಡಿ ಪಿಕಪ್ಪಿಗೆ ಹಂಬಕರ್ ಎಂದು ಹೆಸರು.

ನಮ್ಮ ಹುಡುಗನ ಗಿಟಾರಿನಲ್ಲಿ ಹಂಬಕರ್ ಇರಲಿಲ್ಲ. ಆದರೆ ಅದರ ಸ್ವಿಚ್ಚಿಗೆ ಐದು ಸ್ಥಾನಗಳಿದ್ದವು. 1954ರ ಮೂಲ ಮಾದರಿಗೆ ಮೂರೇ ಸ್ಥಾನ. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸುವುದನ್ನು ಕಲಿತರು. ಕೊನೆಗೆ ಕಂಪೆನಿಯೇ 1977ರಲ್ಲಿ ಐದು ಸ್ಥಾನಗಳ ಸ್ವಿಚ್ಚನ್ನು ಹಾಕಿತು. ಇತ್ತೀಚಿನ ಅನೇಕ ಗಿಟಾರುಗಳಲ್ಲಿ ನಡುವಿನ ಪಿಕಪ್ಪನ್ನು ತಿರುವು ಸುತ್ತಿ, ತಿರುವು ಧ್ರುವ ಇಟ್ಟಿರುತ್ತಾರೆ. ಹಾಗಿದ್ದರೆ ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿ ಅದು ಪಕ್ಕದ್ದರ ಜೊತೆ ಸೇರಿ ಹಂಬಕರಿನಂತೆಯೇ ನಡೆದುಕೊಳ್ಳುತ್ತದೆ. "ಸ್ವಿಚ್ಚನ್ನು ಎರಡಕ್ಕೆ ತಿರುಗಿಸು" ಎಂದೆ. ತಿರುಗಿಸಿದನು.

"ಅಯ್ಯೋ, ಗುಂಯ್ ಎಲ್ಲಿ ಹೋಯಿತು?" ಎಂದರು ತಂದೆ. ಅಂಗಡಿಯಲ್ಲಿ ಈ ಒಂದು ಮಾತು ಹೇಳಿದ್ದರೆ ಅವರಿಗೆ ಒಂದು ವಾರದ ನಿದ್ರೆ ಉಳಿಯುತ್ತಿತ್ತು.

ಇನ್ನೊಂದು ಸದ್ದು ತುಸು ಏರು ಶ್ರುತಿಯ, ಜೀರುಂಡೆಯಂತಹ 'ಜುಂಯ್'. ಇದು ಕಾಂತದ್ದಲ್ಲ, ವಿದ್ಯುತ್ ಕ್ಷೇತ್ರದ್ದು. ನಮ್ಮ ಮೈ ಒಂದು ಏರಿಯಲಿನಂತೆ ಗೋಡೆಯೊಳಗಿನ ವಯರುಗಳಿಂದ ಇದನ್ನು ಹಿಡಿದು ಪಿಕಪ್ಪಿಗೆ ದಾಟಿಸುತ್ತದೆ. ತಡೆಯುವುದಕ್ಕಾಗಿಯೇ ಗಿಟಾರಿನ ಲೋಹದ ಕುದುರೆಯಿಂದ, ಅಂದರೆ ತಂತಿಗಳು ಕುಳಿತಿರುವ ಸೇತುವೆಯಿಂದ, ಒಂದು ವಯರನ್ನು ಒಳಗೆ ಅರ್ಥ್ ಬಿಂದುವಿಗೆ ಬೆಸೆದಿರುತ್ತಾರೆ. ತಂತಿಗೆ ಕೈ ತಾಗಿದೊಡನೆ ಜುಂಯ್ ಇಳಿದರೆ ಎಲ್ಲ ಸರಿಯಾಗಿದೆ ಎಂದರ್ಥ. 'ಮುಟ್ಟಿದರೆ ಸದ್ದು ನಿಲ್ಲುತ್ತದೆ, ಏನೋ ಕೆಟ್ಟಿದೆ' ಎಂದು ಹಲವರು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಮುಟ್ಟಿದರೂ ನಿಲ್ಲದಿದ್ದರೆ ಗಾಬರಿಯಾಗಬೇಕು. ಒಳಗಿನ ಗುಳಿಗೆ ತಾಮ್ರದ ಹಾಳೆ ಅಂಟಿಸಿ ಅರ್ಥಿಗೆ ಜೋಡಿಸುವುದು ಈ ಎರಡನೆಯ ಸದ್ದಿಗೆ ಮದ್ದು. ಮೊದಲನೆಯ ಗುಂಗೆ ಅಷ್ಟು ತೆಳುವಾದ ತಾಮ್ರ ಅಡ್ಡಬಾರದು. ಹಾಳೆ ಅಂಟಿಸಿಯೂ ಗುಂ ಹೋಗಲಿಲ್ಲವೆಂದು ಬೇಸರಪಟ್ಟವರು ಬಹಳ ಮಂದಿ.

ಜುಂಯ್ ಪರೀಕ್ಷೆ ಮಾಡುತ್ತಿದ್ದಾಗ ಹುಡುಗನು ಒಂದು ಮಾತು ಹೇಳಿದನು: "ಸರ್, ಇಲ್ಲಿ ಇಷ್ಟು ಜೋರಿಲ್ಲ. ಮನೆಯಲ್ಲಿ ಇದರ ಎರಡು ಪಾಲು ಬರುತ್ತದೆ, ತಂತಿ ಮುಟ್ಟಿದರೂ ಇಳಿಯುವುದಿಲ್ಲ." ನಾನು ಆಗ ತಲೆಯಾಡಿಸಿ ಮುಂದಕ್ಕೆ ಹೋದೆ. ಹೋಗಬಾರದಾಗಿತ್ತು.

ಮರುದಿನ ಕೈಹಾಕಿದ್ದು ಪಿಕಪ್ಪಿನ ಎತ್ತರಕ್ಕೆ. ಹೊಸ ಗಿಟಾರಿನಲ್ಲಿ ಮೊದಲು ಹೊಂದಿಸಬೇಕಾದದ್ದು ಇದು. ಖರ್ಚು ಏನೂ ಇಲ್ಲ. ಒಂದು ಸ್ಕ್ರೂಡ್ರೈವರು, ಒಂದು ಉಕ್ಕಿನ ಅಳತೆಪಟ್ಟಿ ಸಾಕು. ಪಿಕಪ್ಪಿನ ಎರಡು ತುದಿಯಲ್ಲೂ ಒಂದೊಂದು ತಿರುಪಿದೆ. ತಿರುಗಿಸಿದರೆ ಆ ತುದಿ ಏರುತ್ತದೆ ಇಲ್ಲವೆ ಇಳಿಯುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಯ ಅಡಿಗೂ ಪಿಕಪ್ಪಿನ ಅಯಸ್ಕಾಂತದ ತಲೆಗೂ ಇರುವ ಸಂದನ್ನು ಅಳೆಯಬೇಕು. ಒಂಟಿ ಸುರುಳಿಯ ಪಿಕಪ್ಪಿಗೆ ದಪ್ಪ ತಂತಿಯ ಕಡೆ 2.4 ಮಿಲಿಮೀಟರ್, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಮುಂದಿನದು ಕಿವಿಯ ಕೆಲಸ.

ಹತ್ತಿರವಾದಷ್ಟು ಸದ್ದು ಜೋರು, ಆದುದರಿಂದ ತಂತಿಗೆ ತಾಗುವಷ್ಟು ಎತ್ತಿಬಿಡೋಣ ಎಂದು ಹುಡುಗರಿಗೆ ಅನ್ನಿಸುತ್ತದೆ. ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ ಎಂಬುದನ್ನು ಮರೆಯಬಾರದು. ತೀರ ಹತ್ತಿರ ಬಂದರೆ ಆ ಎಳೆತಕ್ಕೆ ಸಿಕ್ಕಿ ತಂತಿ ಸಹಜವಾಗಿ ಆಡಲಾರದು. ಸ್ವರ ಅಲೆಅಲೆಯಾಗಿ ನಡುಗುತ್ತದೆ, ಬೇಗ ಸತ್ತುಹೋಗುತ್ತದೆ. ಶ್ರುತಿ ಎಷ್ಟು ಹಿಡಿದರೂ ಕೂಡುವುದಿಲ್ಲ. ಆರನೆಯ ತಂತಿಯನ್ನು ಹನ್ನೆರಡನೆಯ ಮೆಟ್ಟಿಲಿನಿಂದ ಮೇಲಕ್ಕೆ ನುಡಿಸಿದಾಗ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ತಂಬೂರಿಯ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ತೆರೆದುಕೊಳ್ಳುವುದನ್ನು ಕೇಳಿದವರಿಗೆ ಕಾಲು ಸುತ್ತಿನ ತಿರುಪಿನ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಹುಡುಗನ ಇನ್ನೊಂದು ದೂರು, ಕುದುರೆಯ ಪಕ್ಕದ ಪಿಕಪ್ ಕಿರುಚುತ್ತದೆ, ಕೊರಳಿನ ಪಕ್ಕದ್ದು ಗದ್ದಲವೆಬ್ಬಿಸುತ್ತದೆ ಎಂಬುದು. ವೀಣೆಯನ್ನು ಕುದುರೆಯ ಹತ್ತಿರ ಮೀಟಿದರೆ ನಾದ ಚೂಪು, ದೂರ ಮೀಟಿದರೆ ದುಂಡು. ಹಾಗೆಯೇ ತಂತಿಯ ತುದಿಯಲ್ಲಿ ಅಲುಗಾಟ ಕಡಿಮೆ, ಅದರಲ್ಲೂ ಮೇಲಿನ ಅನುಸ್ವರಗಳದ್ದೇ ಮೇಲುಗೈ. ಕೊರಳಿನ ಬಳಿ ತಂತಿ ಅಗಲವಾಗಿ ತೂಗುತ್ತದೆ. ಅದಕ್ಕಾಗಿ ಕುದುರೆಯ ಕಡೆಯ ಪಿಕಪ್ಪನ್ನು ತುಸು ಎತ್ತರಕ್ಕೂ ಕೊರಳಿನ ಕಡೆಯದನ್ನು ತುಸು ತಗ್ಗಿಗೂ ಇಡಬೇಕು. ಅವನ ಗಿಟಾರಿನಲ್ಲಿ ಮೂರೂ ಒಂದೇ ಮಟ್ಟದಲ್ಲಿದ್ದವು. ಒಂದೇ ಸ್ವರವನ್ನು ಒಂದೇ ಬಲದಲ್ಲಿ ನುಡಿಸುತ್ತ, ಸ್ವಿಚ್ ಬದಲಿಸುತ್ತ, ಕಾಲು ಕಾಲು ಸುತ್ತು ತಿರುಗಿಸಿ ಹೊಂದಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೆಲಸ ಮಾಡಿದ್ದು ಹುಡುಗನೇ. ನಾನು ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದೆ.

ಇನ್ನು ಗುಂಡಿಗಳು. ವಾಲ್ಯೂಮ್ ಪಾಟು ಸಾಮಾನ್ಯವಾಗಿ ಒಂಟಿ ಸುರುಳಿಗೆ ಎರಡೂವರೆ ಲಕ್ಷ ಓಮಿನದು, ಹಂಬಕರಿಗೆ ಐದು ಲಕ್ಷದ್ದು. ಪಿಕಪ್ಪಿನ ಸಂಕೇತದಲ್ಲಿ ಎಷ್ಟು ಪಾಲನ್ನು ಹೊರಗೆ ಬಿಡಬೇಕೆಂದು ಇದು ನಿರ್ಧರಿಸುತ್ತದೆ. ನಮ್ಮ ಕಿವಿ ಸದ್ದನ್ನು ಅಳೆಯುವುದು ಕೂಡಿಸುವ ಲೆಕ್ಕದಲ್ಲಲ್ಲ, ಗುಣಿಸುವ ಲೆಕ್ಕದಲ್ಲಿ. ಅದಕ್ಕೆ ಹೊಂದುವಂತೆ ಮಾಡಿದ ಪಾಟಿನ ಬೆನ್ನಿನ ಮೇಲೆ ಹೆಚ್ಚಾಗಿ ಎ ಎಂದೂ, ಸಮ ಪಾಲಿನ ಪಾಟಿನ ಮೇಲೆ ಬಿ ಎಂದೂ ಗುರುತಿರುತ್ತದೆ. ಬಿ ಪಾಟು ಹಾಕಿದ ಗಿಟಾರಿನಲ್ಲಿ ಗುಂಡಿಯನ್ನು ಹತ್ತರಿಂದ ಮೂರಕ್ಕೆ ಇಳಿಸುವವರೆಗೂ ಏನೂ ಆದಂತೆ ಕಾಣದು, ಆಮೇಲೆ ಸದ್ದು ಒಮ್ಮೆಲೇ ಕುಸಿಯುತ್ತದೆ.

ವಾಲ್ಯೂಮ್ ಇಳಿಸಿದಾಗ ನಾದ ಮಂಕಾಗುತ್ತದೆ ಎಂಬ ದೂರಿಗೆ ಕಾರಣ ಕೇಬಲಿನಲ್ಲಿತ್ತು. ಗಿಟಾರಿನ ಕೇಬಲು ಎಂದರೆ ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ, ಮಧ್ಯೆ ನಿರೋಧಕ. ಅಂದರೆ ಉದ್ದನೆಯ ಕೆಪ್ಯಾಸಿಟರ್. ಮೀಟರಿಗೆ ಸುಮಾರು 100 ಪೈಕೋಫ್ಯಾರಡ್. ಹುಡುಗನದ್ದು ಆರು ಮೀಟರಿನದು, ಆದುದರಿಂದ 600. ಗುಂಡಿಯನ್ನು ನಡುವಿಗೆ ತಂದಾಗ ಸಂಕೇತದ ದಾರಿಯಲ್ಲಿ ಅರುವತ್ತು ಸಾವಿರ ಓಮಿನವರೆಗೆ ರೋಧ ಬಂದು ಕೂರಬಹುದು. ಇವೆರಡೂ ಸೇರಿ ಸುಮಾರು 4400 ಕಂಪನಗಳಿಂದ ಮೇಲಿನ ಹೊಳಪನ್ನು ಅರ್ಥಿಗೆ ಸೋರಿಸಿಬಿಡುತ್ತವೆ. ಮಲಗುವ ಕೋಣೆಯಲ್ಲಿ ಅಭ್ಯಾಸ ಮಾಡುವವನಿಗೆ ಆರು ಮೀಟರ್ ಕೇಬಲು ಏಕೆ? ಪ್ರಯೋಗಶಾಲೆಯಲ್ಲಿದ್ದ ಮೂರು ಮೀಟರಿನದನ್ನು ಸಿಕ್ಕಿಸಿದಾಗ ವ್ಯತ್ಯಾಸ ಕೂಡಲೇ ತಿಳಿಯಿತು. ವಾಲ್ಯೂಮ್ ಪಾಟಿನ ಒಳಬರುವ ಮತ್ತು ಹೊರಹೋಗುವ ಕಾಲುಗಳ ನಡುವೆ 680ರಿಂದ 1000 ಪೈಕೋಫ್ಯಾರಡಿನ ಸಣ್ಣ ಕೆಪ್ಯಾಸಿಟರನ್ನು ಬೆಸೆಯುವ ಉಪಾಯವೂ ಇದೆ. ಅದು ಹೊಳಪಿಗೊಂದು ಒಳದಾರಿ ಮಾಡಿಕೊಡುತ್ತದೆ.

ಟೋನ್ ಗುಂಡಿಯ ಕೆಪ್ಯಾಸಿಟರಿನದೂ ಇದೇ ತತ್ತ್ವ, ಇಲ್ಲಿ ಸೋರಿಕೆ ಬೇಕೆಂದೇ ಮಾಡಿದ್ದು. 0.022 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್ 82 ಕಂಪನದ ಮಂದ್ರ ಸ್ವರಕ್ಕೆ ಸುಮಾರು 88 ಸಾವಿರ ಓಮಿನ ಗೋಡೆ. 5000 ಕಂಪನದ ತಾರ ಅನುಸ್ವರಕ್ಕೆ ಬರೇ 1450 ಓಮಿನ ಬಾಗಿಲು. ಗುಂಡಿಯನ್ನು ಇಳಿಸಿದಂತೆ ಈ ಬಾಗಿಲು ತೆರೆಯುತ್ತದೆ, ಚೂಪು ಹೊರಟುಹೋಗುತ್ತದೆ. ಹೊಸಬರು ಎಲ್ಲ ಗುಂಡಿಗಳನ್ನೂ ಹತ್ತಕ್ಕೆ ಇಟ್ಟು ಆಂಪ್ಲಿಫೈಯರಿನಲ್ಲಿ ಕಿರುಚಾಟ ಕಡಿಮೆ ಮಾಡಲು ಹೆಣಗಾಡುತ್ತಾರೆ. ಗಿಟಾರಿನ ಗುಂಡಿಗಳನ್ನು ಏಳರಲ್ಲಿಟ್ಟು ಆಂಪ್ಲಿಫೈಯರನ್ನು ಹೊಂದಿಸಿಕೊಂಡರೆ, ಆಮೇಲೆ ಬೇಕಾದಾಗ ಮೇಲಕ್ಕೂ ಕೆಳಕ್ಕೂ ಹೋಗಲು ಜಾಗವಿರುತ್ತದೆ.

ಒಂದು ಗುಂಡಿ ತಿರುಗಿಸುವಾಗ ಕರಕರ ಎನ್ನುತ್ತಿತ್ತು. ನಮ್ಮ ಕಡಲ ಕರೆಯ ಗಾಳಿ, ನಾಲ್ಕು ತಿಂಗಳ ಮಳೆ. ಅಂಗಡಿಯಲ್ಲಿ ಒಂದು ಮಳೆಗಾಲ ಕುಳಿತ ಗಿಟಾರಿನ ಪಾಟಿಗೆ ಮಸುಕು ಹಿಡಿಯುವುದು ವಿಶೇಷವೇನಲ್ಲ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಪಾಟಿನ ಸಂದಿಗೆ ಒಂದು ಸಲ ಸಿಂಪಡಿಸಿ ಇಪ್ಪತ್ತು ಮೂವತ್ತು ಬಾರಿ ತಿರುಗಿಸಿದರೆ ಸರಿಹೋಗುತ್ತದೆ. ತೆಂಗಿನೆಣ್ಣೆ, ಸೀಮೆ‌ಎಣ್ಣೆ ಬಿಡುವವರೂ ಇದ್ದಾರೆ, ಬೇಡ. ಜ್ಯಾಕಿನ ನಟ್ಟು ಸಡಿಲವಾಗಿದ್ದರೆ ಹೊರಗಿನಿಂದ ತಿರುಗಿಸಿ ಬಿಗಿ ಮಾಡಬಾರದು. ಒಳಗಿನ ಜ್ಯಾಕೂ ಜೊತೆಗೇ ತಿರುಗಿ ವಯರು ಕಿತ್ತುಬರುತ್ತದೆ. ಅದನ್ನು ಒಳಗಿನಿಂದ ಹಿಡಿದುಕೊಂಡೇ ಬಿಗಿಯಬೇಕು. ನಿಮ್ಮ ಗಿಟಾರು 9 ವೋಲ್ಟಿನ ಬ್ಯಾಟರಿ ಇರುವ ಬಗೆಯದಾದರೆ ಬಾರಿಸಿ ಮುಗಿದೊಡನೆ ಕೇಬಲು ಕೀಳಿರಿ. ಅಂತಹವುಗಳಲ್ಲಿ ಕೇಬಲು ಸಿಕ್ಕಿಸಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ.

ಎಲ್ಲ ಮುಗಿದು ತಂದೆ ಕೈತೊಳೆಯಲು ಹೊರಗೆ ಹೋದಾಗ ಹುಡುಗನು ಮೆಲ್ಲಗೆ ಕೇಳಿದನು: "ಸರ್, ಮನೆಯಲ್ಲಿ ಗಿಟಾರು ಹಿಡಿದುಕೊಂಡು ಹಾಡುವಾಗ ತುಟಿ ಮೈಕಿಗೆ ತಾಗಿದರೆ ಚುರ್ ಅನ್ನುತ್ತದೆ. ಅದೂ ಪಿಕಪ್ಪಿನಿಂದಲಾ?"

ನಾನು ಕುಳಿತಲ್ಲಿಂದ ಎದ್ದೆ.

ತಂತಿಗಳೆಲ್ಲ ಕುದುರೆಯ ಮೂಲಕ ಅರ್ಥ್ ಬಿಂದುವಿಗೆ ಸೇರಿವೆ ಎಂದೆನಲ್ಲವೆ? ಆ ಬಿಂದು ಕೇಬಲಿನ ಜಾಲರಿಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೂ, ಅಲ್ಲಿಂದ ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಗೂ, ಅದರಿಂದ ಮನೆಯ ಹಿಂದಿನ ಅರ್ಥ್ ಗುಂಡಿಗೂ ಹೋಗಬೇಕು. ಈ ದಾರಿ ಎಲ್ಲಾದರೂ ಕಡಿದಿದ್ದರೆ ಆಂಪ್ಲಿಫೈಯರಿನ ಚೌಕಟ್ಟು ಅಂತರದಲ್ಲಿ ತೂಗಾಡುತ್ತಿರುತ್ತದೆ. ಒಳಗಿನಿಂದ ಸಣ್ಣದಾಗಿ ಸೋರುವ ವಿದ್ಯುತ್ ತಂತಿಗಳಿಗೂ ಬರುತ್ತದೆ. ಅದೇ ಚುರ್. ಇಷ್ಟರಿಂದ ಪ್ರಾಣ ಹೋಗದು. ಆದರೆ ಆಂಪ್ಲಿಫೈಯರಿನೊಳಗೆ ಎಂದಾದರೂ ನಿರೋಧಕ ಹರಿದು ಫೇಸ್ ವಯರು ಚೌಕಟ್ಟಿಗೆ ತಾಗಿತೋ, ಆರು ತಂತಿಗಳಲ್ಲೂ 230 ವೋಲ್ಟ್ ನಿಂತಿರುತ್ತದೆ. ಅರ್ಥ್ ಸರಿಯಿದ್ದರೆ ಆ ಕ್ಷಣವೇ ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಆ ವಿದ್ಯುತ್ ಕಾಯುತ್ತಿರುತ್ತದೆ, ಇನ್ನೊಂದು ಕೈಯೋ ತುಟಿಯೋ ನೆಲಕ್ಕೆ ಸಂಪರ್ಕವಿರುವ ಲೋಹಕ್ಕೆ ತಾಗುವವರೆಗೆ. ಸ್ಟೋನ್ ದಿ ಕ್ರೋಸ್ ಎಂಬ ಬ್ರಿಟಿಷ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್‌ಸಿ ನಗರದ ವೇದಿಕೆಯ ಮೇಲೆ, ಗಿಟಾರು ಹಿಡಿದುಕೊಂಡೇ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡ. ಯಾರ್ಡ್‌ಬರ್ಡ್ಸ್ ತಂಡದ ಗಾಯಕನಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತನ್ನ ಮನೆಯಲ್ಲೇ ಗಿಟಾರು ನುಡಿಸುತ್ತಿದ್ದಾಗ ಸತ್ತ. ಅಲ್ಲಿಯೂ ಅರ್ಥ್ ಸರಿಯಿರಲಿಲ್ಲ.

ತಂದೆ ಒಳಗೆ ಬಂದೊಡನೆ ಮನೆಯಲ್ಲಿ ಆಂಪ್ಲಿಫೈಯರನ್ನು ಯಾವುದಕ್ಕೆ ಸಿಕ್ಕಿಸುತ್ತೀರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಕ್ಸ್‌ಟೆನ್ಶನ್ ಬೋರ್ಡಿಗೆ. ನಾನೇ ಮಾಡಿದ್ದು. ಎರಡೇ ವಯರು ಎಳೆದದ್ದು, ಮೂರನೆಯದು ಬೇಕೂಂತ ಅನ್ನಿಸಿರಲಿಲ್ಲ" ಎಂದರು. ಬೋರ್ಡಿಗೆ ಮೂರು ತೂತು ಇತ್ತು. ಮೂರನೆಯ ತೂತಿನ ಹಿಂದೆ ಏನೂ ಇರಲಿಲ್ಲ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವಂತಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಜುಂಯ್ ಅರ್ಧಕ್ಕೆ ಇಳಿದದ್ದು, ಮನೆಯಲ್ಲಿ ತಂತಿ ಮುಟ್ಟಿದರೂ ಇಳಿಯದಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಹಿಂದಿನ ದಿನವೇ ಹೊಳೆಯಬೇಕಾಗಿತ್ತು.

ಆದುದರಿಂದ ಹೆತ್ತವರಲ್ಲಿ ವಿನಂತಿ. ಗಿಟಾರು ಇರಲಿ, ಕೀಬೋರ್ಡು ಇರಲಿ, ಭಜನೆಯ ಮೈಕು ಇರಲಿ, ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿಯದಾಗಿ ಮಾಡಬೇಡಿರಿ, ಗುಂಯ್ ನಿಲ್ಲಲೆಂದು ಅರ್ಥ್ ಕಡ್ಡಿಯನ್ನು ಕೀಳಬೇಡಿರಿ. ಗಿಟಾರನ್ನೂ ಮೈಕನ್ನೂ ಒಂದೇ ಅರ್ಥ್ ಇರುವ ಸಾಕೆಟ್ಟುಗಳಿಂದಲೇ ನಡೆಸಿರಿ. 30 ಮಿಲಿಆಂಪಿಯರಿನ ಸೋರಿಕೆಗೆ ತಾನಾಗಿ ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚು ಮನೆಯಲ್ಲಿದ್ದರೆ ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಿರಿ. ನಮ್ಮದು ಮುರಕಲ್ಲಿನ ನೆಲ. ಎಪ್ರಿಲ್ ಮೇ ತಿಂಗಳಲ್ಲಿ ಒಣಗಿ ಬಿರಿದಾಗ ಅರ್ಥ್ ಗುಂಡಿ ಇದ್ದೂ ಇಲ್ಲದಂತಾಗುತ್ತದೆ. ಬಾವಿಯಲ್ಲಿ ನೀರಿದ್ದರೆ ಅಲ್ಲಿಗೂ ಒಂದು ಕೊಡ ಹೊಯ್ಯಿರಿ.

ಮುಂದಿನ ಭಾನುವಾರ ಅವರ ಮನೆಗೆ ಎಲೆಕ್ಟ್ರಿಷಿಯನ್ ಬಂದು ಹೋದರು. ಎರಡು ವಯರಿನ ಬೋರ್ಡನ್ನು ತಂದೆ ತಾವೇ ಮುರಿದು ಹಾಕಿದರಂತೆ. ಸೋಮವಾರ ಹುಡುಗನು ತರಗತಿಗೆ ಬಂದಾಗ "ತುಟಿ ಚುರ್ ಅನ್ನುವುದಿಲ್ಲ ಸರ್, ಜುಂಯ್ ಕೂಡ ಇಳಿಯಿತು" ಎಂದನು. ವಾಲ್ಯೂಮ್ ಪಾಟಿಗೆ ಆ ಸಣ್ಣ ಕೆಪ್ಯಾಸಿಟರನ್ನು ಬೆಸೆಯುವ ಕೆಲಸ ಮಾತ್ರ ಉಳಿದಿದೆ. 680 ಪೈಕೋಫ್ಯಾರಡಿನದನ್ನು ತರಲು ಹೇಳಿದ್ದೇನೆ. ಕ್ರಿಸ್ಮಸ್ ರಜೆಯಲ್ಲಿ ಬೆಸುಗೆ ಹಾಕುವುದೆಂದು ಮಾತಾಗಿದೆ.